ಎಷ್ಟು ಸಲ ನೋಡುತ್ತೀರಿ? ಸ್ಟ್ರೀಮಿಂಗ್ ಮತ್ತು ಡಿಸ್ಕ್ ನಡುವೆ ಆರಿಸಿಕೊಳ್ಳುವವರಿಗೆ

ನನ್ನ ಕಪಾಟಿನಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಹನ್ನೊಂದು ಬ್ಲೂ-ರೇ ಡಿಸ್ಕ್‌ಗಳಿದ್ದವು, ಅಂದರೆ ಡಿವಿಡಿಗಿಂತ ಸ್ಪಷ್ಟವಾದ ಚಿತ್ರ ಕೊಡುವ ಸಿನಿಮಾ ಡಿಸ್ಕ್‌ಗಳು. ಡಿಸ್ಕ್ ಪರವಾಗಿ ಮಾತಾಡುವವನು ಒಪ್ಪಿಕೊಳ್ಳಲೇಬೇಕಾದ ಸಂಗತಿ ಇದು, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ರಿಯಾಯಿತಿಯಲ್ಲಿ ಸಿಕ್ಕಿತೆಂದು ಕೊಂಡವು ಕೆಲವು, ಯಾರೋ ವಿಪರೀತ ಹೊಗಳಿದರೆಂದು ಕೊಂಡವು ಕೆಲವು, ಪೆಟ್ಟಿಗೆ ನೋಡಲು ಚೆನ್ನಾಗಿದೆ ಎಂದು ಕೊಂಡದ್ದು ಒಂದು. ಇದೇ ಕಾಲದಲ್ಲಿ, ಒಂದು ಸ್ಟ್ರೀಮಿಂಗ್ ಸೇವೆಯಲ್ಲಿ ಹತ್ತು ಎಪಿಸೋಡಿನ ಪತ್ತೇದಾರಿ ಸರಣಿ ನೋಡುತ್ತಿದ್ದೆ. ಆರು ಮುಗಿಸಿದ್ದೆ. ಏಳನೆಯದಕ್ಕೆಂದು ಕೂತ ರಾತ್ರಿ ಸರಣಿಯೇ ಇಲ್ಲ. ಹೆಸರು ಹಾಕಿ ಹುಡುಕಿದರೆ ಅದಕ್ಕೆ ಹೋಲುವಂಥವು ಎಂದು ಬೇರೆ ಇಪ್ಪತ್ತನ್ನು ಮುಂದಿಟ್ಟಿತು. ಕೊಲೆ ಮಾಡಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಎರಡೂ ಕಡೆ ಪೆಟ್ಟು ತಿಂದ ಮೇಲೆ ಯಾವುದು ಮೇಲು ಎಂಬ ಜಗಳಕ್ಕೆ ಹೋಗುವುದನ್ನು ಬಿಟ್ಟೆ. ಈಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದನ್ನು ನಾನು ಎಷ್ಟು ಸಲ ನೋಡುತ್ತೇನೆ? ಒಂದೇ ಸಲ ಎಂದಾದರೆ ಚಂದಾ ಸಾಕು. ಮೂರನೇ ಸಲ ನೋಡುತ್ತಿದ್ದೇನೆ ಎಂದು ಗೊತ್ತಾದ ದಿನ ಡಿಸ್ಕ್ ಹುಡುಕುತ್ತೇನೆ. ಸೂತ್ರ ಇಷ್ಟು ಸರಳವಾದರೂ ಅದರೊಳಗೆ ‘ಆದರೆ’ಗಳು ಬಹಳ ಇವೆ.

‘ಖರೀದಿಸು’ ಎಂಬ ಗುಂಡಿ

ಆಯ್ಕೆ ಎರಡೇ ಎಂದು ನಾವು ಅಂದುಕೊಂಡಿರುತ್ತೇವೆ. ಇರುವುದು ಮೂರು. ಚಂದಾ ಕಟ್ಟಿ ನೋಡುವುದು, ಡಿಸ್ಕ್ ಕೊಳ್ಳುವುದು, ಇವೆರಡರ ನಡುವೆ ಆನ್‌ಲೈನ್ ಅಂಗಡಿಯಲ್ಲಿ ಒಂದು ಚಿತ್ರಕ್ಕೆಂದೇ ದುಡ್ಡು ಕೊಟ್ಟು ‘ಖರೀದಿಸು’ ಒತ್ತುವುದು. ಮೂರನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಜನ ಎಡವುವುದು ಅಲ್ಲೇ.

ಚಂದಾ ಕಟ್ಟುವವರಿಗೆ ತಾವು ಬಾಡಿಗೆಗಿದ್ದೇವೆ ಎಂಬುದು ಗೊತ್ತಿರುತ್ತದೆ. ಈ ತಿಂಗಳು ಕಟ್ಟಿದರೆ ಈ ತಿಂಗಳು ನೋಡಬಹುದು, ಅಷ್ಟೇ. ಡಿಸ್ಕ್ ಕೊಂಡವರಿಗೂ ಗೊಂದಲವಿಲ್ಲ, ವಸ್ತು ಕೈಯಲ್ಲಿದೆ. ಆನ್‌ಲೈನಿನಲ್ಲಿ ‘ಖರೀದಿಸಿದವರು’ ಮಾತ್ರ ಕೊಂಡೆವು ಎಂದುಕೊಂಡಿರುತ್ತಾರೆ, ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ಬೇರೆಯೇ ಬರೆದಿರುತ್ತದೆ. ಕೊಟ್ಟ ದುಡ್ಡಿಗೆ ಸಿಕ್ಕಿರುವುದು ನೋಡುವ ಪರವಾನಗಿ. ಅಂಗಡಿಗೂ ಚಿತ್ರದ ಹಕ್ಕುದಾರರಿಗೂ ಇರುವ ಕರಾರು ಮುಗಿದರೆ ಆ ಪರವಾನಗಿಯ ಗತಿ ಏನು ಎಂಬುದು ನಮ್ಮ ಕೈಯಲ್ಲಿಲ್ಲ.

2023ರ ಡಿಸೆಂಬರಿನಲ್ಲಿ ಇದು ಚೆನ್ನಾಗಿ ಬಯಲಾಯಿತು. ಪ್ಲೇಸ್ಟೇಷನ್ ಅಂಗಡಿಯಲ್ಲಿ ಡಿಸ್ಕವರಿ ಕಾರ್ಯಕ್ರಮಗಳನ್ನು ದುಡ್ಡು ಕೊಟ್ಟು ಕೊಂಡವರಿಗೆ, ವರ್ಷದ ಕೊನೆಯ ದಿನ ಅವು ನಿಮ್ಮ ಸಂಗ್ರಹದಿಂದ ಹೋಗುತ್ತವೆ ಎಂಬ ಸೂಚನೆ ಬಂತು. ಗಲಾಟೆಯಾದ ಮೇಲೆ ಹೊಸ ಕರಾರು ಮಾಡಿಕೊಂಡು ಆ ನಿರ್ಧಾರವನ್ನು ಹಿಂತೆಗೆದುಕೊಂಡರು. ಹಿಂತೆಗೆದುಕೊಂಡರಲ್ಲ ಎಂದು ಸಮಾಧಾನಪಟ್ಟವರಿದ್ದಾರೆ. ನನಗೆ ಕಂಡದ್ದು, ತೆಗೆಯುವ ಅಧಿಕಾರ ಅವರ ಕೈಯಲ್ಲಿ ಇದ್ದೇ ಇತ್ತು ಎಂಬುದು. ಅದಕ್ಕೂ ಮುಂಚೆ, ದೊಡ್ಡ ಸ್ಟುಡಿಯೋಗಳೇ ಸೇರಿ ನಡೆಸುತ್ತಿದ್ದ ಅಲ್ಟ್ರಾವಯೊಲೆಟ್ ಎಂಬ ಡಿಜಿಟಲ್ ಬೀರು 2019ರ ಜುಲೈ ಕೊನೆಗೆ ಬಾಗಿಲು ಹಾಕಿತ್ತು. ಅದರಲ್ಲಿ ಚಿತ್ರಗಳನ್ನಿಟ್ಟವರು ಬೇರೆ ಅಂಗಡಿಯ ಖಾತೆಗಳಿಗೆ ಜೋಡಿಸಿಕೊಂಡು ಉಳಿಸಿಕೊಳ್ಳಬೇಕಾಯಿತು. ಕ್ಯಾಲಿಫೋರ್ನಿಯಾ ರಾಜ್ಯವಂತೂ ಇದಕ್ಕೊಂದು ಕಾನೂನನ್ನೇ ಮಾಡಿತು. 2025ರ ಜನವರಿಯಿಂದ, ಮಾರುತ್ತಿರುವುದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸು’ ಎಂಬ ಪದ ಬಳಸುವಂತಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಮೂರರಲ್ಲಿ ತೀರಾ ಕೆಳಗಿನದು ಇದೇ. ಬೆಲೆ ಹೆಚ್ಚುಕಡಿಮೆ ಡಿಸ್ಕಿನದು, ಗುಣಮಟ್ಟ ಸ್ಟ್ರೀಮಿಂಗಿನದು, ಭರವಸೆ ಬಾಡಿಗೆಯದು. ಒಂದು ಸಲ ನೋಡುವುದಾದರೆ ಅದೇ ಅಂಗಡಿಯಲ್ಲಿ ‘ಬಾಡಿಗೆ’ ಗುಂಡಿ ಇರುತ್ತದೆ, ಅದನ್ನು ಒತ್ತಿ. ಸಾಮಾನ್ಯವಾಗಿ 30 ದಿನದೊಳಗೆ ಶುರುಮಾಡಬೇಕು, ಶುರುಮಾಡಿದ ಮೇಲೆ 48 ಗಂಟೆಯೊಳಗೆ ಮುಗಿಸಬೇಕು. ಒಂದು ಚಿತ್ರಕ್ಕೆ ಎರಡು ದಿನ ಧಾರಾಳ. ಡಿಸ್ಕ್ ಬಂದೇ ಇಲ್ಲದ, ಯಾವ ಚಂದಾದಲ್ಲೂ ಸಿಗದ ಚಿತ್ರಕ್ಕೆ ಮಾತ್ರ ನಾನು ‘ಖರೀದಿಸು’ ಒತ್ತುತ್ತೇನೆ, ಅದೂ ಆ ದುಡ್ಡು ಹೋಯಿತು ಎಂದುಕೊಂಡೇ.

ಚಿತ್ರದ ಗುಣಮಟ್ಟ: ಲೆಕ್ಕ ಮತ್ತು ಕಣ್ಣು

“ಎರಡೂ 4ಕೆ ತಾನೇ?” ಎಂದು ಕೇಳುವವರು ಬಹಳ. ಪರದೆಯ ಮೇಲಿರುವ ಚುಕ್ಕಿಗಳ ಸಂಖ್ಯೆ ಎರಡರಲ್ಲೂ ಒಂದೇ, 3840 ಅಡ್ಡ, 2160 ಉದ್ದ. ಪ್ರತಿ ಸೆಕೆಂಡಿಗೆ ಆ ಚುಕ್ಕಿಗಳಿಗೆಂದು ಬರುವ ಮಾಹಿತಿ ಮಾತ್ರ ಬೇರೆ ಬೇರೆ. ನೆಟ್‌ಫ್ಲಿಕ್ಸ್ 4ಕೆಗೆ ಶಿಫಾರಸು ಮಾಡುವ ಇಂಟರ್ನೆಟ್ ವೇಗ 15 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 15 ಮೆಗಾಬಿಟ್. ಅಷ್ಟನ್ನೂ ಪೂರ್ತಿಯಾಗಿ ಚಿತ್ರಕ್ಕೇ ಸುರಿದರೂ ಎರಡು ಗಂಟೆಗೆ ಆಗುವುದು 13.5 ಜಿಬಿ. 4ಕೆ ಬ್ಲೂ-ರೇ ಡಿಸ್ಕಿನಲ್ಲಿ 66 ಅಥವಾ 100 ಜಿಬಿ ಜಾಗವಿರುತ್ತದೆ, ಗರಿಷ್ಠ ವೇಗ 128 ಎಂಬಿಪಿಎಸ್‌ವರೆಗೂ ಹೋಗಬಹುದು. ಸರಾಸರಿ 60 ಎಂದು ಹಿಡಿದರೂ ಎರಡು ಗಂಟೆಯ ಚಿತ್ರ 54 ಜಿಬಿ. ನಾಲ್ಕು ಪಟ್ಟು. ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ಕೊಡೆಕ್‌ಗಳು ಜಾಣ, ಕಡಿಮೆ ಮಾಹಿತಿಯಲ್ಲೇ ಸಂಸಾರ ತೂಗಿಸುತ್ತವೆ. ಆದರೂ ತೂಗಿಸುವುದಕ್ಕೆ ಏನನ್ನೋ ಬಿಡಲೇಬೇಕು.

ಬಿಟ್ಟದ್ದು ಎಲ್ಲಿ ಕಾಣುತ್ತದೆ? ಹಗಲಿನ ಬಯಲಿನಲ್ಲಿ ಇಬ್ಬರು ಮಾತಾಡುತ್ತಾ ನಿಂತಿದ್ದರೆ ಎಲ್ಲೂ ಕಾಣುವುದಿಲ್ಲ. ಕತ್ತಲಲ್ಲಿ ಕಾಣುತ್ತದೆ, ಹೊಗೆಯಲ್ಲಿ, ಮಂಜಿನಲ್ಲಿ, ಸುರಿಯುವ ಮಳೆಯಲ್ಲಿ, ಹಳೆಯ ಫಿಲಂನ ಸಣ್ಣ ಕಣಗಳಲ್ಲಿ ಕಾಣುತ್ತದೆ. ಸಂಜೆಯ ಆಕಾಶ ನೀಲಿಯಿಂದ ಕಪ್ಪಿಗೆ ನವಿರಾಗಿ ಇಳಿಯುವ ಬದಲು ಪಟ್ಟೆ ಪಟ್ಟೆಯಾಗಿ ಇಳಿಯುತ್ತದೆ. 2019ರ ಏಪ್ರಿಲ್ 28ರಂದು ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ರಾತ್ರಿ ಯುದ್ಧದ ಎಪಿಸೋಡ್ ಪ್ರಸಾರವಾದಾಗ, ಏನೂ ಕಾಣಿಸುತ್ತಿಲ್ಲ ಎಂದು ಲೋಕವೇ ಗೊಣಗಿತು. ಬೇಕೆಂದೇ ಕತ್ತಲಾಗಿ ತೆಗೆದದ್ದು ಹೌದು, ಜೊತೆಗೆ ಆ ಕತ್ತಲನ್ನು ಹಿಂಡಿ ಹಿಪ್ಪೆ ಮಾಡಿ ಮನೆಗೆ ಕಳಿಸಿದ್ದೂ ಹೌದು. ಇಂಥ ಚಿತ್ರಗಳಿಗೆ 4ಕೆಯ ಕಾಲು ಭಾಗದಷ್ಟೇ ಚುಕ್ಕಿಗಳಿರುವ ಮಾಮೂಲಿ 1080ಪಿ ಬ್ಲೂ-ರೇ ಕೂಡ ಎಷ್ಟೋ ಸಲ 4ಕೆ ಸ್ಟ್ರೀಮಿಂಗಿಗಿಂತ ನೆಮ್ಮದಿಯಾಗಿ ಕಾಣುತ್ತದೆ. ಅದರಲ್ಲಿ ಚಿತ್ರಕ್ಕೆ 40 ಎಂಬಿಪಿಎಸ್‌ವರೆಗೆ ಅವಕಾಶವಿದೆ, ಮನೆಯಲ್ಲಿ ಇನ್ನೊಬ್ಬರು ವಿಡಿಯೋ ಕಾಲ್ ಮಾಡಿದರೆ ಅದೇನೂ ಇಳಿಯುವುದಿಲ್ಲ.

ಸ್ಟ್ರೀಮಿಂಗಿನ ಇನ್ನೊಂದು ತೊಡಕು, ನಮಗೆ ಯಾವ ಗುಣಮಟ್ಟ ಬರುತ್ತಿದೆ ಎಂಬುದೇ ಸುಲಭಕ್ಕೆ ಗೊತ್ತಾಗದಿರುವುದು. ದುಬಾರಿ ಚಂದಾ ಕಟ್ಟಿರುತ್ತೀರಿ, ಸಾಧನಕ್ಕೆ ಬೇಕಾದ ಭದ್ರತಾ ಪ್ರಮಾಣಪತ್ರ ಇಲ್ಲದಿದ್ದರೆ ಬರುವುದು ಮಾಮೂಲಿ ಎಸ್‌ಡಿ, ಹಳೆಯ ಟಿವಿಯ ಮಟ್ಟದ ಚಿತ್ರ. ಆಂಡ್ರಾಯ್ಡ್ ಫೋನು ಕೊಳ್ಳುವಾಗ ನಕಲು ತಡೆಯುವ ವೈಡ್‌ವೈನ್ ವ್ಯವಸ್ಥೆಯ ಮೇಲಿನ ದರ್ಜೆಯಾದ ಎಲ್1 ಇದೆಯೇ ಎಂದು ನೋಡಿ ಎನ್ನುವುದು ಇದಕ್ಕೇ. ಕೆಳಗಿನ ದರ್ಜೆಯಾದ ಎಲ್3 ಮಾತ್ರ ಇದ್ದರೆ ದೊಡ್ಡ ಸೇವೆಗಳು ಎಚ್‌ಡಿ ಕೊಡುವುದಿಲ್ಲ. ಟಿವಿಗೆ ಹೊರಗಿನ ಪೆಟ್ಟಿಗೆ ಜೋಡಿಸಿ 4ಕೆ ನೋಡುವವರಿಗೆ ಎಚ್‌ಡಿಎಂಐ ಪೋರ್ಟ್ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯ ವ್ಯವಸ್ಥೆಯನ್ನು ಒಪ್ಪಬೇಕು. ಚಂದಾದ ದರ್ಜೆಯೂ ಲೆಕ್ಕಕ್ಕೆ ಬರುತ್ತದೆ. ಪ್ರೈಮ್ ವಿಡಿಯೋ 2024ರಲ್ಲಿ ಜಾಹೀರಾತು ಸೇರಿಸಿದಾಗ, ಜಾಹೀರಾತು ಸಹಿತ ದರ್ಜೆಯಿಂದ ಬಣ್ಣ, ಬೆಳಕು ಏಳಿಸುವ ಡಾಲ್ಬಿ ವಿಷನ್ ಮತ್ತು ಸುತ್ತಲಿಂದಲೂ ಶಬ್ದ ಕೇಳಿಸುವ ಅಟ್ಮಾಸ್ ಎರಡನ್ನೂ ತೆಗೆಯಿತು. ಹಿಂದಿನ ದರವನ್ನೇ ಕಟ್ಟುತ್ತಾ ಕೂತವರಿಗೆ ಸಿಗುವುದೇ ಕಡಿಮೆಯಾಯಿತು.

ಇಷ್ಟು ಹೇಳಿದ ಮೇಲೆ ಡಿಸ್ಕಿನವರಿಗೂ ಒಂದು ಮಾತು. 4ಕೆ ಎಂಬ ಕಪ್ಪು ಪೆಟ್ಟಿಗೆ ಕಂಡ ತಕ್ಷಣ ಕೈ ಹಾಕಬೇಡಿ, ಮೂಲ ಹೇಗಿದೆ ನೋಡಿ. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ 65 ಎಂಎಂ ಫಿಲಂನಲ್ಲಿ ತೆಗೆದದ್ದು. ಅಷ್ಟು ದೊಡ್ಡ ನೆಗೆಟಿವ್‌ನಲ್ಲಿ 4ಕೆ ತುಂಬಿ ಮಿಗುವಷ್ಟು ವಿವರವಿದೆ. ಅದಕ್ಕೆ ನಲವತ್ತು ವರ್ಷ ಈಚಿನ ‘28 ಡೇಸ್ ಲೇಟರ್’ ಚಿತ್ರದ ಬಹುಭಾಗವನ್ನು ಕ್ಯಾನನ್ ಎಕ್ಸ್‌ಎಲ್1 ಎಂಬ ಮಿನಿ-ಡಿವಿ ಟೇಪಿನ ವಿಡಿಯೋ ಕ್ಯಾಮೆರಾದಲ್ಲಿ ತೆಗೆದರು. ಅದರ ಒರಟುತನವೇ ಆ ಚಿತ್ರದ ಸೊಗಸು. ಅಂಥದಕ್ಕೆ 4ಕೆ ಎಂದರೆ ಮೂಗಿಗಿಂತ ಮೂಗುತಿ ಭಾರ. ಈ ಶತಮಾನದ ಮೊದಲ ದಶಕದ ಎಷ್ಟೋ ದೊಡ್ಡ ಚಿತ್ರಗಳ ಅಂತಿಮ ಡಿಜಿಟಲ್ ಪ್ರತಿ ತಯಾರಾದದ್ದೇ ಚುಕ್ಕಿಗಳು ಕಡಿಮೆಯಿರುವ 2ಕೆಯಲ್ಲಿ. ಅವುಗಳ 4ಕೆ ಡಿಸ್ಕಿನಲ್ಲಿ ಬೆಳಕು-ಕತ್ತಲಿನ ಹರವು ಹಿಗ್ಗಿಸುವ ಎಚ್‌ಡಿಆರ್‌ನಿಂದ ಬಣ್ಣ, ಬೆಳಕು ಏಳಬಹುದು, ಹೊಸ ವಿವರ ಹೆಚ್ಚೇನೂ ಬರುವುದಿಲ್ಲ. ಇನ್ನು 2024ರಲ್ಲಿ ಬಂದ ‘ಟ್ರೂ ಲೈಸ್’ 4ಕೆ ಡಿಸ್ಕ್ ನೋಡಿದ ಅನೇಕರು ಮುಖಗಳು ಮೇಣದ ಬೊಂಬೆಯಂತಿವೆ ಎಂದು ಬೈದರು. ಫಿಲಂ ಕಣಗಳನ್ನೆಲ್ಲ ಕಂಪ್ಯೂಟರಿನಿಂದ ಒರೆಸಿ ತೆಗೆದರೆ ಚರ್ಮದ ನವಿರೂ ಅದರ ಜೊತೆಗೇ ಹೋಗುತ್ತದೆ. ಒಳಗೆ ಹಾಕಿದ್ದು ಕೆಟ್ಟಿದ್ದರೆ 100 ಜಿಬಿ ಏನು ಮಾಡೀತು?

ನಿಮ್ಮ ಟಿವಿ ಚಿಕ್ಕದಿದ್ದರೆ, ಅಥವಾ ದೂರ ಕೂತು ನೋಡುವವರಾದರೆ, ಈ ಭಾಗವನ್ನು ಪೂರ್ತಿ ಮರೆತರೂ ನಡೆಯುತ್ತದೆ. ಫೋನಿನಲ್ಲಿ ನೋಡುವವರಿಗಂತೂ ಡಿಸ್ಕಿನ ಮಾತೇ ಬೇಡ.

ಶಬ್ದ

ಚಿತ್ರಕ್ಕಿಂತ ಶಬ್ದದಲ್ಲಿ ವ್ಯತ್ಯಾಸ ಹೆಚ್ಚು, ಇದು ನನ್ನ ಖಚಿತ ಅಭಿಪ್ರಾಯ. ನೆಟ್‌ಫ್ಲಿಕ್ಸ್‌ನಲ್ಲಿ ಅಟ್ಮಾಸ್ ಶಬ್ದ ಗರಿಷ್ಠ 768 ಕೆಬಿಪಿಎಸ್‌ಗೆ, ಅಂದರೆ ಸೆಕೆಂಡಿಗೆ 768 ಕಿಲೋಬಿಟ್‌ಗೆ ಬರುತ್ತದೆ. ಡಿಸ್ಕಿನಲ್ಲಿ ಅದೇ ಅಟ್ಮಾಸ್ ಏನನ್ನೂ ಬಿಡದ ಟ್ರೂಎಚ್‌ಡಿ ರೂಪದಲ್ಲಿ, ಅದರ ಹಲವು ಪಟ್ಟು ಮಾಹಿತಿಯೊಂದಿಗೆ ಇರುತ್ತದೆ. ಒಳ್ಳೆಯ ಸ್ಪೀಕರ್ ಇದ್ದರೆ ಪಿಸುಮಾತಿಗೂ ಸ್ಫೋಟಕ್ಕೂ ನಡುವಿನ ಅಂತರ ಮೈಗೇ ತಿಳಿಯುತ್ತದೆ. ಟಿವಿಯದೇ ಸ್ಪೀಕರಿನಲ್ಲಿ ಕೇಳುವವರಿಗೆ ಎರಡೂ ಒಂದೇ. ಡಿಸ್ಕ್ ಸಂಗ್ರಹ ಶುರುಮಾಡಬೇಕೆಂದಿರುವವರು ಮೊದಲ ಹತ್ತು ಡಿಸ್ಕಿನ ದುಡ್ಡಿನಲ್ಲಿ ಸ್ಪೀಕರ್ ತೆಗೆದುಕೊಳ್ಳಲಿ. ಆಮೇಲೆ ಡಿಸ್ಕ್ ಬೇಕೋ ಬೇಡವೋ ಕಿವಿಯೇ ಹೇಳುತ್ತದೆ.

ಯಾವ ಪ್ರತಿ?

ಈ ವಿಚಾರ ಕೊಳ್ಳುವ ಹೊತ್ತಿಗೆ ತಲೆಗೆ ಬರುವುದಿಲ್ಲ, ವರ್ಷಗಳಾದ ಮೇಲೆ ಹೊಳೆಯುತ್ತದೆ. ನಾವು ಮೆಚ್ಚಿದ ಚಿತ್ರ ಸ್ಟ್ರೀಮಿಂಗಿನಲ್ಲಿ ಇದೆ, ಆದರೆ ಅದು ನಾವು ಮೆಚ್ಚಿದ ಚಿತ್ರವೇ?

2019ರ ನವೆಂಬರಿನಲ್ಲಿ ಡಿಸ್ನಿ ಪ್ಲಸ್ ಶುರುವಾದಾಗ ‘ದಿ ಸಿಂಪ್ಸನ್ಸ್’ ಕಾರ್ಟೂನ್ ಸರಣಿಯ ಹಳೆಯ ಎಪಿಸೋಡುಗಳನ್ನು ಅಗಲ ಪರದೆಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿ ಹಾಕಿದ್ದರು. ಅದರಲ್ಲೊಂದು ಬಿಯರ್ ಕಾರ್ಖಾನೆಯ ದೃಶ್ಯ. ಮೂರು ಬಗೆಯ ಬಿಯರಿನ ಮೂರು ತೊಟ್ಟಿ, ಮೂರಕ್ಕೂ ಮೇಲಿನಿಂದ ಬರುವುದು ಒಂದೇ ಕೊಳವೆ. ಇದೇ ಹಾಸ್ಯ. ಕತ್ತರಿಸಿದ ಪ್ರತಿಯಲ್ಲಿ ಕೊಳವೆಯೇ ಹೊರಗೆ ಹೋಯಿತು, ಉಳಿದದ್ದು ಮೂರು ತೊಟ್ಟಿ. ಹಳೆಯ ಚೌಕಟ್ಟಿನಲ್ಲೇ ನೋಡುವ ಆಯ್ಕೆ ಬಂದದ್ದು 2020ರ ಮೇ ತಿಂಗಳಲ್ಲಿ. ಹಳೆಯ ಡಿವಿಡಿ ಇಟ್ಟುಕೊಂಡವರು ಆ ಆರು ತಿಂಗಳು ನಗುತ್ತಲೇ ಇದ್ದರು. 2023ರಲ್ಲಿ 1971ರ ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರದ ಸ್ಟ್ರೀಮಿಂಗ್ ಪ್ರತಿಯಲ್ಲಿ, ಜನಾಂಗೀಯ ಬೈಗುಳವಿದ್ದ ಕೆಲವು ಸೆಕೆಂಡುಗಳು ಇಲ್ಲದಿರುವುದನ್ನು ಪ್ರೇಕ್ಷಕರು ಕಂಡುಹಿಡಿದರು. ಬೈಗುಳವನ್ನು ಸಮರ್ಥಿಸುವ ಪ್ರಶ್ನೆ ಇಲ್ಲಿಲ್ಲ. ಕತ್ತರಿ ಆಡಿಸಿದ್ದೇವೆ ಎಂಬ ಒಂದು ಸಾಲನ್ನೂ ಹಾಕದೆ ಕತ್ತರಿ ಆಡಿಸಿದ್ದು ಕಿರಿಕಿರಿ.

ಡಿಸ್ಕ್ ಈ ವಿಷಯದಲ್ಲಿ ಪೂರ್ತಿ ಸಾಚಾ ಎಂದೂ ತಿಳಿಯಬೇಡಿ. ‘ಡಬ್ಲ್ಯೂಕೆಆರ್‌ಪಿ ಇನ್ ಸಿನ್ಸಿನಾಟಿ’ ಎಂಬ, ರೇಡಿಯೋ ನಿಲಯದಲ್ಲಿ ನಡೆಯುವ ಹಾಸ್ಯ ಸರಣಿಯ ಮೊದಲ ಸೀಸನ್ 2007ರಲ್ಲಿ ಡಿವಿಡಿಯಾಗಿ ಬಂದಾಗ ಅದರ ಎಷ್ಟೋ ಹಾಡುಗಳು ಬದಲಾಗಿದ್ದವು. ಪ್ರಸಾರಕ್ಕೆ ತೆಗೆದುಕೊಂಡಿದ್ದ ಹಾಡಿನ ಹಕ್ಕು ಡಿಸ್ಕಿಗೆ ಅನ್ವಯಿಸುತ್ತಿರಲಿಲ್ಲ. ಹಾಡೇ ಜೀವಾಳವಾದ ಸರಣಿಯಲ್ಲಿ ಹಾಡು ತೆಗೆದರೆ ಉಳಿಯುವುದೇನು? ಹಾಗೆಯೇ ‘ಸ್ಟಾರ್ ವಾರ್ಸ್’ ಮೊದಲ ಚಿತ್ರ 1977ರಲ್ಲಿ ಕಂಡಂತೆಯೇ ಬೇಕು ಎನ್ನುವವರು ಹೊಸ ಡಿಸ್ಕ್ ಕೊಂಡು ಪ್ರಯೋಜನವಿಲ್ಲ. 1997ರಲ್ಲಿ ತಿದ್ದಿದ ಮೇಲೆ ಅದು ಮತ್ತೆ ಮತ್ತೆ ತಿದ್ದುಪಡಿಯಾಗುತ್ತಾ ಬಂತು. ಮೂಲ ಪ್ರತಿ 2006ರ ಡಿವಿಡಿಯಲ್ಲಿ ಹೆಚ್ಚುವರಿ ಡಿಸ್ಕಾಗಿ, ಅದೂ ಮಂಕಾದ ಗುಣಮಟ್ಟದಲ್ಲಿ ಬಂದಿತ್ತು. ಅದನ್ನು ಜೋಪಾನ ಮಾಡಿದವರೇ ಜಾಣರು. ಒಟ್ಟಿನಲ್ಲಿ ಡಿಸ್ಕ್ ಒಳ್ಳೆಯ ಪ್ರತಿಯನ್ನು ಕೊಟ್ಟೇ ಕೊಡುತ್ತದೆ ಎಂದು ಹೇಳಲಾರೆ. ಕೊಟ್ಟ ಪ್ರತಿಯನ್ನು ರಾತ್ರೋರಾತ್ರಿ ಬದಲಿಸುವುದಿಲ್ಲ ಎಂದು ಮಾತ್ರ ಹೇಳಬಲ್ಲೆ. ಕೊಳ್ಳುವ ಮುಂಚೆ ಆ ಆವೃತ್ತಿಯ ಬಗ್ಗೆ ಎರಡು ವಿಮರ್ಶೆ ಓದುವುದು ಇದಕ್ಕೇ.

ಡಿಸ್ಕಿನ ಹೆಚ್ಚುವರಿಗಳ ಬಗ್ಗೆ ಉದ್ದುದ್ದ ಹೇಳುವುದಿಲ್ಲ. ಅಳಿಸಿದ ದೃಶ್ಯಗಳನ್ನು ಅಳಿಸಿದ್ದಕ್ಕೆ ಕಾರಣವಿರುತ್ತದೆ, ಒಂದು ಸಲ ನೋಡಿದರೆ ಗೊತ್ತಾಗುತ್ತದೆ. ನಿರ್ದೇಶಕರೋ ಛಾಯಾಗ್ರಾಹಕರೋ ಚಿತ್ರದುದ್ದಕ್ಕೂ ಪಕ್ಕದಲ್ಲಿ ಕೂತು ಮಾತಾಡಿದಂತಿರುವ ಕಾಮೆಂಟರಿ ಟ್ರ್ಯಾಕ್ ಮಾತ್ರ ಚಿನ್ನ. 1984ರಲ್ಲಿ ‘ಕಿಂಗ್ ಕಾಂಗ್’ ಚಿತ್ರದ, ಡಿವಿಡಿಗೂ ಮುಂಚಿನ ಲೇಸರ್‌ಡಿಸ್ಕಿನಿಂದ ಶುರುವಾದ ಈ ಪದ್ಧತಿ ಸ್ಟ್ರೀಮಿಂಗಿನಲ್ಲಿ ಅಪರೂಪ. ಸಿನಿಮಾ ಕಲಿಯಬೇಕೆಂಬ ಆಸೆಯಿರುವವರಿಗೆ ಡಿಸ್ಕ್ ಕೊಳ್ಳಲು ಇದೊಂದೇ ಕಾರಣ ಸಾಕು.

ಸ್ಟ್ರೀಮಿಂಗ್ ಎಲ್ಲಿ ನಿಜವಾಗಿಯೂ ಗೆಲ್ಲುತ್ತದೆ

ಇಲ್ಲಿಯವರೆಗೆ ಓದಿದವರಿಗೆ ನಾನು ಚಂದಾ ಕಟ್ಟುವುದೇ ಇಲ್ಲ ಎನಿಸಿರಬಹುದು. ಕಟ್ಟುತ್ತೇನೆ. ಹೊಸದನ್ನು ರುಚಿ ನೋಡುವುದಕ್ಕೆ ಅದಕ್ಕಿಂತ ಅಗ್ಗದ ದಾರಿಯಿಲ್ಲ. ಹೆಸರೇ ಕೇಳದ ನಿರ್ದೇಶಕರ, ಭಾಷೆಯೇ ತಿಳಿಯದ ದೇಶದ ಚಿತ್ರವೊಂದನ್ನು ಹತ್ತು ನಿಮಿಷ ನೋಡಿ, ಹಿಡಿಸದಿದ್ದರೆ ನಿಲ್ಲಿಸಿ ಏಳಬಹುದು. ಡಿಸ್ಕ್ ಕೊಂಡವನಿಗೆ ಆ ಸ್ವಾತಂತ್ರ್ಯವಿಲ್ಲ. ದುಡ್ಡು ಕೊಟ್ಟಿದ್ದೇನಲ್ಲ ಎಂದು ಹಲ್ಲು ಕಚ್ಚಿಕೊಂಡು ಕೊನೆಯವರೆಗೂ ಕೂರುತ್ತಾನೆ.

ಟಿವಿ ಸರಣಿಗಳಿಗಂತೂ ಸ್ಟ್ರೀಮಿಂಗೇ ಸರಿ. ನೂರೈವತ್ತು ಎಪಿಸೋಡಿನ ಸರಣಿಯನ್ನು ಡಿಸ್ಕಿನಲ್ಲಿ ನೋಡುವುದೆಂದರೆ ಪ್ರತಿ ಮೂರು ನಾಲ್ಕು ಎಪಿಸೋಡಿಗೊಮ್ಮೆ ಎದ್ದು ಡಿಸ್ಕ್ ಬದಲಿಸಬೇಕು, ಪ್ರತಿ ಸಲವೂ ಮುಂದಕ್ಕೆ ಓಡಿಸಲಾಗದ ಎಚ್ಚರಿಕೆಯ ಫಲಕಗಳನ್ನು ನೋಡಬೇಕು. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಪ್ಲೇಯರಿಗೆ ಕೆಲವೊಮ್ಮೆ ನೆನಪಿರುತ್ತದೆ, ಕೆಲವೊಮ್ಮೆ ಇಲ್ಲ. ಜೊತೆಗೆ ಈಗಿನ ಎಷ್ಟೋ ಸರಣಿಗಳು ಡಿಸ್ಕಿನಲ್ಲಿ ಬರುವುದೇ ಇಲ್ಲ. ನೆಟ್‌ಫ್ಲಿಕ್ಸ್‌ನ ‘ರೋಮಾ’ದಂಥ ಕೆಲವು ಚಿತ್ರಗಳು ಡಿಸ್ಕಾಗಿ ಬಂದದ್ದು ಅಪವಾದ.

ಚಂದಾ ಕಟ್ಟುವವರಿಗೆ ನನ್ನ ಸಲಹೆ ಒಂದೇ: ಒಂದು ಹೊತ್ತಿಗೆ ಒಂದು ಸೇವೆ. ನೋಡಬೇಕಾದವುಗಳ ಪಟ್ಟಿ ಬೆಳೆಯಲಿ, ಬೆಳೆದ ಮೇಲೆ ಒಂದು ತಿಂಗಳು ಸೇರಿಕೊಳ್ಳಿ, ನೋಡಿ ಮುಗಿಸಿ, ಸೇರಿದ ದಿನವೇ ತಾನಾಗಿ ನವೀಕರಣವಾಗುವುದನ್ನು ನಿಲ್ಲಿಸಿಬಿಡಿ. ಮುಂದಿನ ತಿಂಗಳು ಇನ್ನೊಂದು. ನಾಲ್ಕಕ್ಕೂ ವರ್ಷವಿಡೀ ಕಟ್ಟುತ್ತಾ, ರಾತ್ರಿ ಅರ್ಧ ಗಂಟೆ ಪೋಸ್ಟರುಗಳನ್ನು ಮೇಲೆ ಕೆಳಗೆ ಉರುಳಿಸಿ ಏನೂ ನೋಡದೆ ಮಲಗುವವರು ನನ್ನ ಪರಿಚಯದಲ್ಲೇ ಐದಾರು ಜನ ಇದ್ದಾರೆ. ಆ ಐದಾರರಲ್ಲಿ ನಾನೂ ಒಬ್ಬನಾಗಿದ್ದೆ. ಇಂಟರ್ನೆಟ್ ಬಳಕೆಗೆ ಮಿತಿಯಿದ್ದರೆ ಇದನ್ನೂ ಗಮನಿಸಿ: 4ಕೆ ಚಿತ್ರ ಗಂಟೆಗೆ 7 ಜಿಬಿಯವರೆಗೂ ತಿನ್ನಬಲ್ಲದು.

ಡಿಸ್ಕಿನ ದಾರಿ ಹಿಡಿಯುವ ಮುಂಚೆ

ಪ್ಲೇಯರುಗಳು ಕಡಿಮೆಯಾಗುತ್ತಿವೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆಸಕ್ತರು ಕಣ್ಣಿಗೊತ್ತಿಕೊಳ್ಳುತ್ತಿದ್ದ ಒಪ್ಪೊ ಪ್ಲೇಯರುಗಳು 2018ರಲ್ಲಿ ನಿಂತವು, ಮರುವರ್ಷ ಸ್ಯಾಮ್‌ಸಂಗ್ ಅಮೆರಿಕದ ಮಾರುಕಟ್ಟೆಗೆ ಹೊಸ ಪ್ಲೇಯರ್ ತರುವುದಿಲ್ಲ ಎಂದಿತು. 1998ರಲ್ಲಿ ಅಂಚೆಯಲ್ಲಿ ಡಿವಿಡಿ ಕಳಿಸಲು ಶುರುಮಾಡಿದ್ದ ನೆಟ್‌ಫ್ಲಿಕ್ಸ್ ಕೊನೆಯ ಲಕೋಟೆಯನ್ನು 2023ರ ಸೆಪ್ಟೆಂಬರ್ 29ರಂದು ಕಳಿಸಿತು. ಅಮೆರಿಕದ ಬೆಸ್ಟ್ ಬೈ ಮಳಿಗೆಗಳು 2024ರಲ್ಲಿ ಡಿಸ್ಕ್ ಮಾರಾಟ ನಿಲ್ಲಿಸಿದವು. 2025ರಲ್ಲಿ ಸೋನಿ ಬ್ಲೂ-ರೇ ನಿಲ್ಲಿಸಿತು ಎಂಬ ಸುದ್ದಿ ಹರಡಿದ್ದು ಮಾತ್ರ ಅರ್ಧ ಸತ್ಯ. ನಿಂತದ್ದು ನಾವೇ ಬರೆದುಕೊಳ್ಳುವ ಖಾಲಿ ಡಿಸ್ಕ್, ಚಿತ್ರಗಳ ಡಿಸ್ಕ್ ಅಲ್ಲ.

ಆಟದ ಕನ್ಸೋಲ್ ಇರುವವರು ಬೇರೆ ಪ್ಲೇಯರ್ ಕೊಳ್ಳಬೇಕಿಲ್ಲ. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡೂ 4ಕೆ ಬ್ಲೂ-ರೇ ಓಡಿಸುತ್ತವೆ. ಪ್ಲೇಸ್ಟೇಷನ್ 4 ಪ್ರೊ ಓಡಿಸುವುದಿಲ್ಲ, ಹೆಸರು ನೋಡಿ ಮೋಸಹೋಗಬೇಡಿ. ಕಂಪ್ಯೂಟರಿನಲ್ಲಿ 4ಕೆ ಡಿಸ್ಕ್ ನೋಡುವ ಯೋಚನೆ ಬಿಟ್ಟುಬಿಡಿ. ನಕಲು ತಡೆಯುವ ಅದರ ಬೀಗಕ್ಕೆ ಬೇಕಾಗಿದ್ದ ಎಸ್‌ಜಿಎಕ್ಸ್ ಎಂಬ ಸೌಲಭ್ಯವನ್ನು ಇಂಟೆಲ್ ತನ್ನ ಹೊಸ ಡೆಸ್ಕ್‌ಟಾಪ್ ಚಿಪ್‌ಗಳಿಂದಲೇ ತೆಗೆದುಹಾಕಿದೆ.

ಬೇರೆ ದೇಶದಿಂದ ತರಿಸುವವರು ರೀಜನ್ ಕೋಡ್, ಅಂದರೆ ಡಿಸ್ಕ್ ಯಾವ ವಲಯದ ಪ್ಲೇಯರಿನಲ್ಲಿ ಓಡುತ್ತದೆ ಎಂಬ ಗುರುತು, ನೋಡಲೇಬೇಕು. ಡಿವಿಡಿ ಲೋಕವನ್ನು ಆರು ವಲಯಗಳಾಗಿ ಹಂಚಿಕೊಂಡಿದೆ, ಬ್ಲೂ-ರೇ ಎ, ಬಿ, ಸಿ ಎಂದು ಮೂರಾಗಿ. 4ಕೆ ಬ್ಲೂ-ರೇಗೆ ಈ ಗೋಡೆ ಇಲ್ಲ. ಅದೇ ಪೆಟ್ಟಿಗೆಯಲ್ಲಿ ಜೊತೆಗೆ ಬರುವ ಮಾಮೂಲಿ ಬ್ಲೂ-ರೇಗೆ ಇರಬಹುದು.

ಡಿಸ್ಕ್ ಶಾಶ್ವತವೇ? ಅಲ್ಲ. ವಾರ್ನರ್ ಕಂಪನಿಯ, 2006ರಿಂದ 2008ರ ನಡುವೆ ತಯಾರಾದ ಕೆಲವು ಡಿವಿಡಿಗಳು ಒಳಗಿನಿಂದಲೇ ಹಾಳಾಗಿ ಓಡದಂತಾದವು. ಕಂಪನಿ ಅದನ್ನು 2025ರಲ್ಲಿ ಒಪ್ಪಿಕೊಂಡಿತು. ಹಳೆಯ ಡಿಸ್ಕ್‌ಗಳನ್ನು ಒಮ್ಮೊಮ್ಮೆ ಹಾಕಿ ನೋಡುವುದು ಒಳ್ಳೆಯದು. ಗೀರಿನ ವಿಷಯದಲ್ಲಿ ಡಿವಿಡಿಗೂ ಬ್ಲೂ-ರೇಗೂ ವ್ಯತ್ಯಾಸವಿದೆ. ಡಿವಿಡಿಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿದೆ, ಬ್ಲೂ-ರೇಯಲ್ಲಿ ಬರೀ 0.1 ಮಿಲಿಮೀಟರ್. ಆ ತೆಳುವಿಗೆ ಗಟ್ಟಿ ಲೇಪನ ಕೊಟ್ಟಿರುವುದರಿಂದ ಸುಲಭಕ್ಕೆ ಗೀರು ಬೀಳುವುದಿಲ್ಲ, ಆಳವಾಗಿ ಬಿದ್ದರೆ ಮಾತ್ರ ಡಿವಿಡಿಯಂತೆ ಉಜ್ಜಿ ಸರಿಮಾಡಲಾಗುವುದಿಲ್ಲ. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ದುಂಡಗೆ ಒರೆಸಿದರೆ ಗೀರು ಮಾಹಿತಿಯ ಸುರುಳಿಯ ಉದ್ದಕ್ಕೇ ಬೀಳುತ್ತದೆ, ಪ್ಲೇಯರ್ ಅಲ್ಲೇ ತೊದಲುತ್ತದೆ. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನಿಲ್ಲಿಸಿಡಿ.

ಹಾಗಾದರೆ ಯಾರಿಗೆ ಯಾವುದು

ಆಗಾಗ ಮನೆ ಬದಲಿಸುವವರು ಡಿಸ್ಕಿನ ತಂಟೆಗೆ ಹೋಗಬೇಡಿ. ಒಂದು ಪೆಟ್ಟಿಗೆಗೆ ಭಾರವಿಲ್ಲ, ಇನ್ನೂರಕ್ಕೆ ಇದೆ. ತುಂಬಾ ಬೇಕಾದ ಹತ್ತನ್ನು ಪೆಟ್ಟಿಗೆ ಬಿಸಾಡಿ ತೆಳು ಕವರಿನಲ್ಲಿಟ್ಟುಕೊಳ್ಳಬಹುದು, ಸಂಗ್ರಹಕಾರರು ಬೈಯುತ್ತಾರೆ, ಬೈಯಲಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನನ್ನ ‘ಎಷ್ಟು ಸಲ’ ಸೂತ್ರ ಅಕ್ಷರಶಃ ಕೆಲಸ ಮಾಡುತ್ತದೆ. ಮಕ್ಕಳು ಒಂದೇ ಚಿತ್ರವನ್ನು ನಲವತ್ತು ಸಲ ನೋಡುತ್ತಾರೆ. ಅದು ಯಾವುದೋ ಬೆಳಗ್ಗೆ ಚಂದಾ ಪಟ್ಟಿಯಿಂದ ಕಾಣೆಯಾದರೆ ಹಕ್ಕುಗಳ ಕರಾರು ಮುಗಿಯಿತು ಎಂದು ಮೂರು ವರ್ಷದ ಮಗುವಿಗೆ ಯಾರು ವಿವರಿಸುತ್ತಾರೆ? ಇಂಥ ಎರಡು ಮೂರು ಚಿತ್ರಗಳಿಗೆ ಮಾಮೂಲಿ ಡಿವಿಡಿ ಸಾಕು. ಜಾಹೀರಾತಿಲ್ಲ, ತಾನಾಗಿ ಶುರುವಾಗುವ ‘ಮುಂದಿನದು’ ಇಲ್ಲ, ಮುಗಿದರೆ ಮುಗಿಯಿತು.

ವಾರಕ್ಕೊಂದು ಹೊಸ ಸರಣಿ ಹಿಡಿಯುವವರಿಗೆ ಸ್ಟ್ರೀಮಿಂಗ್. ಹಳೆಯ ಚಿತ್ರಗಳ ಹುಚ್ಚಿರುವವರಿಗೆ ಡಿಸ್ಕ್, ಏಕೆಂದರೆ ದೊಡ್ಡ ಸೇವೆಗಳಲ್ಲಿ 1970ಕ್ಕಿಂತ ಹಿಂದಿನದು ಹುಡುಕುವುದು ಬಾವಿಯಲ್ಲಿ ಬಿದ್ದ ಉಂಗುರ ಹುಡುಕಿದ ಹಾಗೆ. ಪಕ್ಕದ ಗ್ರಂಥಾಲಯದಲ್ಲಿ ಡಿಸ್ಕ್ ಎರವಲು ಸಿಗುತ್ತದೆಂದಾದರೆ ಮೊದಲು ಅಲ್ಲಿಗೆ ಹೋಗಿ. ದೊಡ್ಡ ಪರದೆಗೂ ಸ್ಪೀಕರಿಗೂ ಈಗಾಗಲೇ ದುಡ್ಡು ಸುರಿದವರು ಡಿಸ್ಕ್ ಕೊಳ್ಳದಿದ್ದರೆ ಆ ದುಡ್ಡಿನ ಅರ್ಧ ಸುಮ್ಮನೆ ಕೂತಿರುತ್ತದೆ.

ನಾನು ಮಾಡುವುದು ಎರಡರ ನಡುವಿನದು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಮೊದಲ ಸಲ ಸ್ಟ್ರೀಮಿಂಗಿನಲ್ಲೋ ಬಾಡಿಗೆಗೋ ನೋಡುತ್ತೇನೆ. ವರ್ಷ ಕಳೆದ ಮೇಲೂ ಚಿತ್ರ ನೆನಪಿದ್ದರೆ ಇನ್ನೊಮ್ಮೆ ನೋಡುತ್ತೇನೆ. ಅದರ ನಂತರವೂ ಯಾರಿಗಾದರೂ ತೋರಿಸಬೇಕು ಅನಿಸಿದರೆ ಕೊಳ್ಳುತ್ತೇನೆ.

ಹೊದಿಕೆ ಬಿಚ್ಚದ ಆ ಹನ್ನೊಂದನ್ನೂ ಇದೇ ಜರಡಿಗೆ ಹಾಕಿದೆ. ವಾರಕ್ಕೊಂದರಂತೆ ಹತ್ತನ್ನು ನೋಡಿದೆ, ನಾಲ್ಕು ಕಪಾಟಿಗೆ ವಾಪಸ್ಸಾದವು, ಆರನ್ನು ಗೆಳೆಯರಿಗೆ ಕೊಟ್ಟೆ. ಚಂದಾದಲ್ಲಿ ನೋಡಿದ್ದನ್ನು ಹೀಗೆ ಎತ್ತಿ ಕೊಡುವುದಕ್ಕೆ ಆಗುವುದಿಲ್ಲ. ಹನ್ನೊಂದನೆಯದು ಪೆಟ್ಟಿಗೆ ಚೆನ್ನಾಗಿದೆ ಎಂದು ಕೊಂಡದ್ದು, ಇನ್ನೂ ಬಿಚ್ಚಿಲ್ಲ. ಪೆಟ್ಟಿಗೆ ಈಗಲೂ ಚೆನ್ನಾಗಿಯೇ ಇದೆ. ಆ ಪತ್ತೇದಾರಿ ಸರಣಿ ಇಲ್ಲಿಯವರೆಗೆ ಡಿಸ್ಕಿನಲ್ಲಿ ಬಂದಿಲ್ಲ. ಕೊಲೆಗಾರ ಯಾರೆಂದು ಗೊತ್ತಿರುವವರು ದಯವಿಟ್ಟು ಹೇಳಬೇಡಿ, ಯಾವತ್ತಾದರೂ ಬಂದೀತು.